ಪಾರ್ಸಿಕ್ ಗುಡ್ಡದ ಗರ್ಭದಲ್ಲಿ

1853ನೆಯ ಇಸವಿಯ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರಿನಿಂದ ಹೊರಟು ಠಾಣೆಯನ್ನು ಸೇರಿದ ಉಗಿಬಂಡಿಯು, ಮರುವರ್ಷ ಅಲ್ಲಿನ ಖಾಡಿಯನ್ನು, ಎಂದರೆ ಕಡಲ ಹಿನ್ನೀರಿನ ಕವಲನ್ನು, ದಾಟಿ ಕಲ್ಯಾಣದವರೆಗೆ ಮುಂದುವರಿದಾಗ, ಅದರ ಹಾದಿಗೆ ಅಡ್ಡಲಾಗಿ ನಿಂತಿದ್ದುದು ಮುಂಬ್ರಾದ ಬಳಿಯ ಪಾರ್ಸಿಕ್ ಗುಡ್ಡ. ಮೊದಲ ಹಳಿಗಳು ಅದರ ಅಂಚನ್ನು ಬಳಸಿ ಸಾಗಿದುವು. ಆ ಬಳಸುದಾರಿಯನ್ನು ತಪ್ಪಿಸುವ ಸಲುವಾಗಿ 1916ರಲ್ಲಿ ಸುಮಾರು 1.3 ಕಿಲೋಮೀಟರ್ ಉದ್ದದ ಸುರಂಗವು ಗುಡ್ಡದ ಒಡಲಲ್ಲಿಯೇ ತೆರೆಯಿತು.

ಭೂಗರ್ಭದ ಮಾರ್ಗವೆಂಬುದು ಕೇವಲ ಶಿಲಾಭೇದನದ ಕೌಶಲವಲ್ಲ. ಅಲ್ಲಿ ಮನುಷ್ಯನು ಉಸಿರಾಡಬೇಕು. ಕಲ್ಲಿದ್ದಲನ್ನು ಉರಿಸುವ ಎಂಜಿನು ಇಕ್ಕಟ್ಟಾದ ಸುರಂಗದಲ್ಲಿ ಹೊಗೆಯನ್ನೂ, ಮೂಗಿಗೆ ತಿಳಿಯದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವನ್ನೂ ಉಗುಳುತ್ತಿದ್ದುದರಿಂದ, ಚಾಲಕನಿಗೂ, ಬೆಂಕಿಯಾಳಿಗೂ, ಹಳಿ ಕಾಯುವ ಕೂಲಿಗೂ ಅದು ನಿತ್ಯದ ಅಪಾಯವಾಗಿತ್ತು. 1925ರ ಫೆಬ್ರವರಿ 3ರಂದು ಮುಂಬಯಿಯಲ್ಲಿ ಕುರ್ಲಾದವರೆಗೆ ಓಡಿದ ವಿದ್ಯುತ್ ರೈಲು, ಆ ದಶಕವು ಮುಗಿಯುವಷ್ಟರಲ್ಲಿ ಕಲ್ಯಾಣವನ್ನು ದಾಟಿದುದು ವೇಗದ ವಿಜಯವಷ್ಟೇ ಅಲ್ಲ, ಶ್ವಾಸಕೋಶಗಳ ವಿಮೋಚನೆಯೂ ಹೌದು. ಕಲ್ಯಾಣದ ಸಮೀಪದ ಡೊಂಬಿವಲಿಯ ನಮ್ಮ ಕನ್ನಡಿಗರು ಬಹುಕಾಲ ವೇಗದ ಲೋಕಲಿನಲ್ಲಿ ನಿಶ್ಚಿಂತೆಯಿಂದ ದಾಟಿದ ಪಾರ್ಸಿಕ್ ಸುರಂಗದ ಆ ಕ್ಷಣಕಾಲದ ಕತ್ತಲೆಯ ಹಿಂದೆ ಈ ಚರಿತ್ರೆಯಿದೆ.

ಇಂದು ಶಿಲ್‌ಫಾಟಾದಿಂದ ಬಾಂದ್ರಾ–ಕುರ್ಲಾ ಸಂಕೀರ್ಣದವರೆಗೆ, ನವಿ ಮುಂಬಯಿಯ ಘನ್ಸೋಲಿಯನ್ನು ಹಾದು, ಅತಿವೇಗದ ರೈಲಿಗಾಗಿ ಸುಮಾರು 21 ಕಿಲೋಮೀಟರ್ ಸುರಂಗವು ರೂಪುಗೊಳ್ಳುತ್ತಿದ್ದು, ಅದರಲ್ಲಿ 7 ಕಿಲೋಮೀಟರ್ ಠಾಣೆಯ ಖಾಡಿಯ ತಳದಲ್ಲಿಯೇ ಸಾಗಬೇಕಾಗಿದೆ. ಬಂಡೆಯ ಧೂಳು, ಸೆಕೆ, ಸದ್ದು, ಸೂರ್ಯನನ್ನು ಕಾಣದ ಪಾಳಿ, ಇವೆಲ್ಲವನ್ನೂ ಹೊರುವವನು ಶ್ರಮಿಕ. ಸುರಂಗದ ಉದ್ದವನ್ನು ಅಳೆಯುವವರು ಅವನ ಉಸಿರನ್ನೂ ಅಳೆಯಲಿ. ಗಾಳಿ, ಬೆಳಕು, ವಿಶ್ರಾಂತಿಗಳನ್ನು ದಾನವೆಂದಲ್ಲ, ನಿರ್ಮಾಣದ ಅಂಗವೆಂದೇ ಎಣಿಸಲಿ.