ಕಾಪಿಶಾಯನದಿಂದ ಜರಗನಹಳ್ಳಿಯವರೆಗೆ: ಕೆಂಪು ದ್ರಾಕ್ಷಾರಸದ ಪರೀಕ್ಷೆ

ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ರಸ್ತೆಯಲ್ಲಿ, ಸಾರಕ್ಕಿ ಕೆರೆಗೆ ಸಮೀಪವಾಗಿ, ಜರಗನಹಳ್ಳಿಯೆಂಬ ಊರಿರುವುದು. ಊರೆನ್ನುವುದಕ್ಕಿಂತ ನಗರದ ಹೊಟ್ಟೆಯೊಳಗೆ ಸೇರಿಹೋದ ಹಳ್ಳಿಯೆಂದರೆ ಯುಕ್ತವಾದೀತು. ಹನಿಗವನಗಳಿಂದ ಹೆಸರಾದ ಶಿವಶಂಕರರು ಈ ಊರಿನ ಹೆಸರನ್ನು ತಮ್ಮ ಹೆಸರಿಗೆ ಮೊದಲು ಸೇರಿಸಿಕೊಂಡುದರಿಂದ ಕನ್ನಡದ ವಾಚಕರಿಗೆ ಅದು ಅಪರಿಚಿತವಲ್ಲ. ಈ ಸೀಮೆಯು ಒಂದು ಕಾಲಕ್ಕೆ ರಾಗಿ ಅವರೆಗಳ ಹೊಲ. ಈಗ ಇಲ್ಲಿ ರಸ್ತೆಯ ಮೇಲೆ ಕಂಬಗಳ ಮೇಲಿನ ಹಳಿ. ಅದರ ಮೇಲೆ 2017ರಿಂದ ಮೆಟ್ರೋ ರೈಲು ಓಡುತ್ತಿರುವುದು. ಕೆಳಗೆ ಎರಡು ಬದಿಯಲ್ಲಿಯೂ ಅಂಗಡಿಗಳ ಸಾಲು.

ಬೆಂಗಳೂರಿನ ಇಂಥ ಯಾವ ಬೀದಿಯಲ್ಲಿ ನಡೆದರೂ 'ವೈನ್ಸ್' ಎಂಬ ಫಲಕವೊಂದು ಕಣ್ಣಿಗೆ ಬೀಳದಿರದು. ಆ ಶಬ್ದಕ್ಕೆ ದ್ರಾಕ್ಷಾರಸವೆಂದಷ್ಟೇ ಅರ್ಥ. ಆದರೆ ಒಳಗಿನ ಕಪಾಟುಗಳಲ್ಲಿ ತುಂಬಿರುವುದು ಬ್ರಾಂದಿ, ವಿಸ್ಕಿ, ರಮ್ಮುಗಳು. ದ್ರಾಕ್ಷಾರಸಕ್ಕೆ ದೊರೆತಿರುವುದು ಮೂಲೆಯ ಒಂದು ಹಲಗೆ. ಸರ್ಕಾರದ ದಫ್ತರದಲ್ಲಿ ಈ ಅಂಗಡಿಗೆ ಸಿ.ಎಲ್.-2 ಎಂದು ಹೆಸರು; ಮುದ್ರೆಯೊಡೆಯದ ಸೀಸೆಯನ್ನು ಮಾರುವುದಕ್ಕೆ ಮಾತ್ರ ಅದಕ್ಕೆ ಅಧಿಕಾರ. ಹೆಸರೊಂದು ವಸ್ತುವೊಂದು ಆಗಿರುವ ಈ ಸ್ಥಿತಿಯಲ್ಲಿ, ಒಳ್ಳೆಯ ಕೆಂಪು ದ್ರಾಕ್ಷಾರಸವನ್ನು ಆರಿಸಹೊರಟವನು ಮೊದಲು ಹೆಸರುಗಳ ಚರಿತ್ರೆಯನ್ನೇ ತಿಳಿಯಬೇಕಾಗುವುದು. ಆ ಚರಿತ್ರೆ ಬಹಳ ಹಳೆಯದು. ಅದರ ಮುಖ್ಯವಾದ ಒಂದು ಪತ್ರವು ದೊರೆತುದು ಕನ್ನಡನಾಡಿನಲ್ಲಿಯೇ.

ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ತಂಜಾವೂರಿನ ಕಡೆಯ ಪಂಡಿತರೊಬ್ಬರಿಂದ ಬಂದ ತಾಳೆಯೋಲೆಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಮುದ್ರಿಸಿ ಲೋಕಕ್ಕೆ ಕೊಟ್ಟವರು ಆರ್. ಶಾಮಾಶಾಸ್ತ್ರಿಗಳು. ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳನ್ನು ಹೇಳುವ ಪ್ರಕರಣವೊಂದಿದೆ. ಮದ್ಯವು ಮೇದಕ, ಪ್ರಸನ್ನ, ಆಸವ, ಅರಿಷ್ಟ, ಮೈರೇಯ, ಮಧು ಎಂದು ಆರು ಬಗೆ. ಇವುಗಳಲ್ಲಿ ಮಧುವೆಂಬುದು ದ್ರಾಕ್ಷಿಯ ರಸ. ಮಿಕ್ಕವುಗಳಲ್ಲಿ ಕೆಲವಕ್ಕೆ ಹಿಟ್ಟು, ಬೆಲ್ಲ, ತೊಗಟೆ, ಸಂಭಾರಗಳ ಪ್ರಮಾಣವನ್ನು ಹೇಳುತ್ತ ಬಂದ ಕೌಟಿಲ್ಯನು ಮಧುವಿಗೆ ಬಂದಾಗ ಪ್ರಮಾಣವನ್ನು ಹೇಳುವುದಿಲ್ಲ. ಅದು ಹುಟ್ಟಿದ ದೇಶವೇ ಅದರ ವಿವರಣೆಯೆಂದು ಹೇಳಿ, ಕಾಪಿಶಾಯನ, ಹಾರಹೂರಕ ಎಂಬ ಎರಡು ಹೆಸರುಗಳನ್ನು ಕೊಟ್ಟು ಮುಗಿಸುತ್ತಾನೆ. ಕಪಿಶೆಯೆಂದರೆ ಈಗಿನ ಕಾಬೂಲಿಗೆ ಉತ್ತರದ ಬೇಗ್ರಾಮಿನ ಸೀಮೆ. ಹರಹೂರವು ಅರ್ಗಂದಾಬ್ ನದಿಯ ಬಯಲೆಂದು ಅನೇಕ ವಿದ್ವಾಂಸರ ಮತ.

ವೈಯಾಕರಣರೂ ಈ ಹೆಸರನ್ನು ಬಲ್ಲರು. ಪಾಣಿನಿಯ ನಾಲ್ಕನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಕಾಪಿಶೀ ಶಬ್ದಕ್ಕೆಂದೇ ಒಂದು ಸೂತ್ರವಿದ್ದು, ಅದಕ್ಕೆ ಕಾಶಿಕಾವೃತ್ತಿಯು ಕೊಡುವ ಉದಾಹರಣೆಗಳು ಎರಡು: ಒಂದು ಮಧು, ಇನ್ನೊಂದು ದ್ರಾಕ್ಷಿ. ಹೀಗೆ ದ್ರಾಕ್ಷಾರಸವನ್ನು ಅದರ ನೆಲದ ಹೆಸರಿನಿಂದ ಗುರುತಿಸುವ ಪದ್ಧತಿಯು, ಫ್ರಾನ್ಸಿನವರು ಬೋರ್ಡೋ, ಬರ್ಗಂಡಿ ಎಂದು ಹೆಸರಿಡುವುದಕ್ಕೆ ಎಷ್ಟೋ ಶತಮಾನಗಳ ಹಿಂದೆಯೇ ಭರತಖಂಡದ ಶಾಸ್ತ್ರಕಾರರಿಗೆ ತಿಳಿದಿತ್ತು.

ಹಾಗೆಂದು ಪೂರ್ವಿಕರು ಮದ್ಯವನ್ನು ಹೊಗಳಿದರೆಂದು ತಿಳಿಯಲಾಗದು. ಮನುವು ಸುರೆಯನ್ನು ಪಾತಕವೆಂದನು. ಕೌಟಿಲ್ಯನಾದರೋ ಪಾನಾಗಾರಕ್ಕೆ ಬೇರೆಬೇರೆ ಕೋಣೆ, ಆಸನ, ಗಂಧಮಾಲ್ಯ, ನೀರುಗಳ ಅನುಕೂಲವನ್ನು ವಿಧಿಸಿದರೂ, ಹೊರಕ್ಕೆ ಒಯ್ಯುವುದಕ್ಕೆ ಶೀಲವು ತಿಳಿದವರಿಗೆ ಮಾತ್ರ, ಅದೂ ಸ್ವಲ್ಪ ಪ್ರಮಾಣದಲ್ಲಿ, ಅನುಮತಿಯಿತ್ತನು. ಕೆಟ್ಟ ಸುರೆಯನ್ನು ಮಾತ್ರ ಆಳುಕಾಳುಗಳಿಗೆ ಸಂಬಳವಾಗಿ ಕೊಡಬಹುದು, ಇಲ್ಲವೆ ಹಂದಿಗಳಿಗೆ ಹಾಕಬಹುದು ಎಂದನು. ಒಳ್ಳೆಯದನ್ನು ಉಳ್ಳವನಿಗೂ ಕೆಟ್ಟದ್ದನ್ನು ದುಡಿಯುವವನಿಗೂ ಹಂಚುವ ಈ ರೂಢಿಯು ಕೌಟಿಲ್ಯನೊಡನೆಯೇ ಅಳಿಯಲಿಲ್ಲವೆಂಬುದನ್ನು ಮಾತ್ರ ಇಲ್ಲಿ ಸೂಚಿಸಬಹುದು. ವೈದ್ಯರ ದಾರಿ ಇನ್ನೊಂದು. ಚರಕನು ಸೂತ್ರಸ್ಥಾನದಲ್ಲಿ 84 ಆಸವಗಳನ್ನು ಎಣಿಸಿದನು. ಅದೇ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮದಾತ್ಯಯವೆಂಬ ವ್ಯಾಧಿಗೆ ಒಂದು ಅಧ್ಯಾಯವೇ ಮೀಸಲಾಗಿದೆ. ಮಡಿವಂತರ ಮನೆಯ ಗೂಡಿನಲ್ಲಿಯೂ ಇರುವ ದ್ರಾಕ್ಷಾರಿಷ್ಟವು ದ್ರಾಕ್ಷಿಯ ಕಷಾಯಕ್ಕೆ ಬೆಲ್ಲವನ್ನೂ ಧಾತಕಿಯ ಹೂವನ್ನೂ ಸೇರಿಸಿ ಹುಳಿಯಿಸಿದುದೇ ಹೊರತು ಬೇರೆಯಲ್ಲ.

ಕನ್ನಡನಾಡಿನ ದೊರೆಗಳ ಕಾಲಕ್ಕೆ ಬಂದರೆ, 941ರ ಪಂಪನ ವಿಕ್ರಮಾರ್ಜುನವಿಜಯದಲ್ಲಿ ಪಾನಗೋಷ್ಠಿಯ ವರ್ಣನೆಯಿದೆ. ಮಧುಪಾನವು ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಒಂದಷ್ಟೆ. ಕಲ್ಯಾಣದ ಚಾಲುಕ್ಯರಾಜನಾದ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಮದಿರಾಪಾನವನ್ನು ರಾಜನ ಕ್ರೀಡೆಗಳ ನಡುವೆ ಎಣಿಸಿದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸನಾದ ಡೊಮಿಂಗೋ ಪಾಯೆಸನು ಅಲ್ಲಿಯ ಸಂತೆಗಳಲ್ಲಿ ನಿಂಬೆ, ದಾಳಿಂಬೆಗಳ ಜತೆಗೆ ದ್ರಾಕ್ಷಿಯನ್ನೂ ಕಂಡು, ಎಲ್ಲವೂ ಅಗ್ಗವೆಂದು ಬರೆದನು. ಆದರೆ ಜನಸಾಮಾನ್ಯರ ಪಾನೀಯವು ಈಚಲ ಹೆಂಡ. ದ್ರಾಕ್ಷಿಯು ಹಣ್ಣಾಗಿಯೇ ಉಳಿಯಿತು.

1809ರಲ್ಲಿ ಬೆಂಗಳೂರಿನಲ್ಲಿ ಇಂಗ್ಲಿಷರ ದಂಡು ನೆಲೆಯಾದುದರಿಂದ ಈ ಚರಿತ್ರೆಯು ಹೊಸ ತಿರುವನ್ನು ಪಡೆಯಿತು. ದಂಡಿನವರು ಹಡಗಿನ ದ್ರಾಕ್ಷಾರಸವನ್ನು ತರಿಸಿಕೊಳ್ಳುತ್ತಿದ್ದರು. 'ವೈನ್ಸ್' ಎಂಬ ಹೆಸರು ಆ ಕಾಲದ ವರ್ತಕರ ಪಳೆಯುಳಿಕೆ. ನಗರದ ಸುತ್ತಣ ಕೆಂಪುಮಣ್ಣಿನ ತೋಟಗಳಲ್ಲಿ ಮಾತ್ರ ಬೇರೊಂದು ಬಳ್ಳಿಯು ಹಬ್ಬಿತು. ಅದೇ ಬೆಂಗಳೂರು ನೀಲಿ: ದಪ್ಪ ಸಿಪ್ಪೆ, ಸಿಹಿಯೊಡನೆ ಹುಳಿ, ಕೋಣೆಯನ್ನೆಲ್ಲ ತುಂಬುವ ವಾಸನೆ. ಇಲ್ಲಿಯ ಚಳಿಗಾಲದಲ್ಲಿ ಬಳ್ಳಿಯು ಯುರೋಪಿನಲ್ಲಿಯಂತೆ ನಿದ್ರಿಸುವುದಿಲ್ಲವಾಗಿ, ಸವರಿದಾಗಲೆಲ್ಲ ಚಿಗುರಿ ವರ್ಷಕ್ಕೆ ಎರಡು ಬೆಳೆ ಕೊಡುವುದು. ಇದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಕ್ರಿಸ್ತಮತದ ಎಷ್ಟೋ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ಭರಣಿಯಲ್ಲಿ ಹಾಕಿಡುವ ರಸವು ಈ ಹಣ್ಣಿನದೇ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಸಸ್ಯಶಾಸ್ತ್ರಜ್ಞರ ಪ್ರಕಾರ ಬೆಂಗಳೂರು ನೀಲಿಯು ಅಮೆರಿಕದ ಲಾಬ್ರುಸ್ಕ ಎಂಬ ಜಾತಿಗೆ ಸಂಬಂಧಪಟ್ಟುದು. ಆದುದರಿಂದ ಕೊಲಂಬಸನು ಅಮೆರಿಕವನ್ನು ಮುಟ್ಟಿದ 1492ಕ್ಕೆ ಹಿಂದೆ ಅದು ಈ ನಾಡಿನಲ್ಲಿ ಇದ್ದಿರಲಾರದು. ವಿದೇಶದ ಹೆಸರಿನ ಕಾಬರ್ನೆ ಸೊವಿನ್ಯೋನ್, ಶಿರಾಜ್ ಮೊದಲಾದುವಾದರೋ ವಿನಿಫೆರ ಎಂಬ ಜಾತಿಯವು; ಕಪಿಶೆಯ ದ್ರಾಕ್ಷಿಯೂ ಆ ಜಾತಿಯದೇ. ಬೆಂಗಳೂರಿನ ಹೆಸರನ್ನು ಹೊತ್ತುದು ದೂರದ ಖಂಡದಿಂದ ಬಂದ ಅತಿಥಿ. ವಿದೇಶದ ಹೆಸರನ್ನು ಹೊತ್ತುದು ಪಾಣಿನಿಯು ಬಲ್ಲ ಬಳ್ಳಿಯ ದಾಯಾದಿ. ಯಾವುದು ಸ್ವದೇಶಿ, ಯಾವುದು ವಿದೇಶಿ ಎಂಬ ವಾದವು ದ್ರಾಕ್ಷಿಯ ತೋಟದಲ್ಲಿ ನಿಲ್ಲಲಾರದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಬೆಂಗಳೂರು ನೀಲಿಯನ್ನು ತಾಯಿಯಾಗಿಟ್ಟುಕೊಂಡು ಅರ್ಕ ಶ್ಯಾಮ್, ಅರ್ಕ ತೃಷ್ಣಾ ಎಂಬ ತಳಿಗಳನ್ನು ರಸಕ್ಕೆಂದೇ ಪಡೆದಿರುವುದು ಈ ಎರಡು ವಂಶಗಳನ್ನು ಕೂಡಿಸುವ ಯತ್ನವೇ ಆಗಿದೆ.

ನಂದಿಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಬಳಿ, ಕನ್ವಲ್ ಗ್ರೋವರ್ ಎಂಬವರು ಶಾಂಪೇನ್ ಸೀಮೆಯ ಜಾರ್ಜ್ ವೆಸೆಲರ ನೆರವಿನಿಂದ ಫ್ರೆಂಚ್ ದ್ರಾಕ್ಷಿಯ ಕೃಷಿಯನ್ನು ಕೈಕೊಂಡು 1988ರಲ್ಲಿ ಸಂಸ್ಥೆಯನ್ನು ಸ್ಥಾಪಿಸಿದರು. ಮುಂದೆ ಬೋರ್ಡೋವಿನ ಮಿಶೆಲ್ ರೋಲಾನ್ ಅದಕ್ಕೆ ಸಲಹೆಗಾರರಾದರು. ಎರಡು ಬೆಳೆಯ ಆಸೆಯನ್ನು ಬಿಟ್ಟು, ಬೇಸಗೆಯಲ್ಲಿ ಒಮ್ಮೆ ಬಳ್ಳಿಯ ಬಲಕ್ಕಾಗಿಯೂ ಮಳೆ ಹಿಂದೆಗೆಯುವಾಗ ಇನ್ನೊಮ್ಮೆ ಫಲಕ್ಕಾಗಿಯೂ ಸವರಿ, ಫೆಬ್ರವರಿಯಿಂದ ಏಪ್ರಿಲಿನೊಳಗೆ ಒಂದೇ ಕೊಯ್ಲನ್ನು ಪಡೆಯುವ ಕ್ರಮವು ರೂಢವಾಯಿತು. 2007ರಲ್ಲಿ ಕರ್ನಾಟಕ ಸರ್ಕಾರವು ದ್ರಾಕ್ಷಾರಸಕ್ಕೆಂದೇ ಪ್ರತ್ಯೇಕ ನೀತಿಯನ್ನು ಹೊರಡಿಸಿತು. ಸರಾಯಿಯನ್ನು ನಿಷೇಧಿಸಿದುದೂ ಅದೇ ವರ್ಷದ ಜುಲೈ 1ರಂದು. ನಂದಿಯ ಕಣಿವೆಯಲ್ಲದೆ ಕೃಷ್ಣಾ ಕಣಿವೆ, ಹಂಪಿಯ ಗುಡ್ಡಗಳು, ಕಾವೇರಿಯ ಸೀಮೆಗಳಲ್ಲಿಯೂ ಈ ಉದ್ಯಮವು ಬೇರೂರತೊಡಗಿತು.

ಇಷ್ಟು ತಿಳಿದವನು ಜರಗನಹಳ್ಳಿಯಂಥ ಊರಿನ ಅಂಗಡಿಯಲ್ಲಿ ಸೀಸೆಯನ್ನು ಕೈಗೆತ್ತಿಕೊಂಡರೆ ಏನನ್ನು ನೋಡಬೇಕು? ಕೌಟಿಲ್ಯನ ಪ್ರಶ್ನೆಯೇ ಮೊದಲನೆಯದು: ಯಾವ ನೆಲದ್ದು? ಎರಡನೆಯದು, ಯಾವ ದ್ರಾಕ್ಷಿ? ಕರಿಯ ದ್ರಾಕ್ಷಿಯ ರಸವೂ ಹೆಚ್ಚುಕಡಮೆ ಬಿಳಿಯದೇ; ಕೆಂಪೂ ಒಗರೂ ಬರುವುದು ಸಿಪ್ಪೆಯೊಡನೆ ಹುಳಿಯಿಸುವುದರಿಂದ. ಆದುದರಿಂದ ಒಳ್ಳೆಯ ಕೆಂಪು ರಸದಲ್ಲಿ ನಾಲಗೆಯನ್ನು ಹಿಡಿಯುವ ಸ್ವಲ್ಪ ಒಗರು ಗುಣವೇ ಹೊರತು ದೋಷವಲ್ಲ. 'ಪೋರ್ಟ್' ಎಂಬ ಹೆಸರಿನಲ್ಲಿ ಅಗ್ಗಕ್ಕೆ ಸಿಕ್ಕುವ ಸಿಹಿಯಾದ ರಸಕ್ಕೂ ಪೋರ್ಚುಗಲ್ಲಿನ ಡೋರೋ ಕಣಿವೆಯ ಪೋರ್ಟಿಗೂ ಹೆಸರಿನ ಸಂಬಂಧ ಮಾತ್ರ. ಮೂರನೆಯದು, ಕೊಯ್ಲಿನ ವರ್ಷ. ಹಳೆಯದೆಲ್ಲ ಒಳ್ಳೆಯದೆಂಬ ನಂಬಿಕೆ ಇಲ್ಲಿ ಸಲ್ಲದು. ಈ ನಾಡಿನ ಕೆಂಪು ರಸಗಳಲ್ಲಿ ಬಹುಭಾಗವು ಕೆಲವೇ ವರ್ಷಗಳೊಳಗೆ ಉಪಯೋಗಿಸತಕ್ಕುವು. ನಾಲ್ಕನೆಯದು, ಇಟ್ಟ ಬಗೆ. ಬಿಸಿಲೂ ಸೆಖೆಯೂ ದ್ರಾಕ್ಷಾರಸದ ಶತ್ರುಗಳು. ಬೀದಿಯ ಗಾಜಿನ ಹಿಂದೆ ತಿಂಗಳುಗಟ್ಟಲೆ ನಿಂತ ಸೀಸೆಯು ಎಷ್ಟು ಬೆಲೆಯದಾದರೂ ತ್ಯಾಜ್ಯ. ಬೆಂಡಿನ ಮುಚ್ಚಳದ್ದು ಮಲಗಿರಬೇಕು. ತಿರುಪಿನ ಮುಚ್ಚಳದ್ದು ನಿಂತಿದ್ದರೂ ಬಾಧಕವಿಲ್ಲ. 'ರಿಸರ್ವ್' ಎಂಬ ಬಂಗಾರದ ಅಕ್ಷರಗಳನ್ನು ಕಂಡು ಬೆಲೆ ಕೊಡುವುದಕ್ಕಿಂತ ಈ ನಾಲ್ಕನ್ನು ವಿಚಾರಿಸುವುದು ಮೇಲು. ಇನ್ನೊಂದು ಸಂಗತಿ: 2003ರಿಂದ ರಾಜ್ಯದ ಪಾನೀಯ ನಿಗಮದ ಉಗ್ರಾಣದ ಮೂಲಕವೇ ಸರಕು ಬರಬೇಕಾದುದರಿಂದ, ಅಂಗಡಿಯವನ ಆಯ್ಕೆಗೂ ಮಿತಿಯುಂಟು.

ಕೆಂಪು ದ್ರಾಕ್ಷಾರಸವು ಹೃದಯಕ್ಕೆ ಹಿತವೆಂಬ ಮಾತು 1990ರ ದಶಕದಲ್ಲಿ ಲೋಕವನ್ನೆಲ್ಲ ಸುತ್ತಿತು. ಅದನ್ನೇ ನೆವಮಾಡಿಕೊಂಡು ಕೊಳ್ಳುವವರು ಈಗಲೂ ಉಂಟು. ಆದರೆ ಮದ್ಯಸಾರದ ಯಾವ ಪ್ರಮಾಣವೂ ಆರೋಗ್ಯಕ್ಕೆ ನಿರಪಾಯವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಕುಡಿಯುವವನು ರುಚಿಗಾಗಿ ಕುಡಿಯಲಿ, ಮಿತವಾಗಿ ಕುಡಿಯಲಿ. ಔಷಧವೆಂದು ತನ್ನನ್ನು ತಾನು ವಂಚಿಸಿಕೊಳ್ಳಬಾರದು. ಕುಡಿಯದವನು ಕಳೆದುಕೊಳ್ಳುವುದೇನೂ ಇಲ್ಲ.

ಹಾಗಾದರೆ ಮುಟ್ಟದ ಮನೆಗಳಿಗೆ ಈ ವಿಚಾರದಿಂದ ಪ್ರಯೋಜನವೇನೆಂದು ಕೇಳಬಹುದು. ಅದಕ್ಕೆ ಉತ್ತರವನ್ನು 2020ರ ಬೇಸಗೆಯು ಕೊಟ್ಟಿತು. ಮಹಾವ್ಯಾಧಿಯ ದೆಸೆಯಿಂದ ದೇಶವೇ ಬಾಗಿಲು ಮುಚ್ಚಿದಾಗ ಚಿಕ್ಕಬಳ್ಳಾಪುರ, ಕೋಲಾರ ಸೀಮೆಗಳ ತೋಟಗಳಲ್ಲಿ ಮಾಗಿದ ದ್ರಾಕ್ಷಿಯನ್ನು ಕೇಳುವವರಿಲ್ಲದೆ ಬೆಳೆಗಾರರು ಕಂಗೆಟ್ಟರು. ಮೇ 4ರಂದು ಮದ್ಯದಂಗಡಿಗಳ ಬಾಗಿಲು ತೆರೆದಾಗ ಬೆಂಗಳೂರಿನ 'ವೈನ್ಸ್' ಫಲಕಗಳ ಕೆಳಗೆ ಬೀದಿಯುದ್ದದ ಸಾಲುಗಳು ನಿಂತವು. ಆ ಸಾಲುಗಳಲ್ಲಿ ಮಾರಿಹೋದ ಬಹುಪಾಲು ಸೀಸೆಗಳಲ್ಲಿ ದ್ರಾಕ್ಷಿಯ ಅಂಶವೇ ಇರಲಿಲ್ಲ. ಬ್ರಾಂದಿಯೆಂಬುದು ನಿಜವಾಗಿ ದ್ರಾಕ್ಷಾರಸವನ್ನು ಬಟ್ಟಿಯಿಳಿಸಿದುದು. ಈ ದೇಶದಲ್ಲಿ ಆ ಹೆಸರಿನಿಂದ ಮಾರುವುದು ಬಹುಮಟ್ಟಿಗೆ ಕಬ್ಬಿನ ಕಾಕಂಬಿಯ ಸಾರ. ಹಣ್ಣಿನ ಹೆಸರಿನಲ್ಲಿ ವ್ಯಾಪಾರವು ಬೆಳೆಯುವುದು, ಹಣ್ಣು ಬೆಳೆದವನು ಬಳ್ಳಿಯ ಬುಡದಲ್ಲಿ ಕುಳಿತು ಲೆಕ್ಕಹಾಕುವುದು. ಈ ಎರಡೂ ಮೂವತ್ತು ಹರದಾರಿಯೊಳಗೆ ಒಂದೇ ಕಾಲಕ್ಕೆ ನಡೆದುವು.

ಫಲಕದ ಮೇಲಿನ ಹೆಸರಿಗೂ ಒಳಗಿನ ವಸ್ತುವಿಗೂ ಇರುವ ಈ ಅಂತರವು ಕೇವಲ ಶಬ್ದದ ದೋಷವಲ್ಲ. ಯಾವ ನೆಲದ್ದು, ಯಾವ ಹಣ್ಣಿನದು ಎಂದು ಕೇಳಿ ಕೊಳ್ಳುವವರು ಹೆಚ್ಚಿದಷ್ಟೂ ಮೂಲೆಯ ಹಲಗೆಯು ಅಗಲವಾಗುವುದು. ದೊಡ್ಡಬಳ್ಳಾಪುರ, ದೇವನಹಳ್ಳಿಗಳ ತೋಟಗಾರನಿಗೆ ಮನೆಕಟ್ಟುವವರಿಗೆ ಹೊಲವನ್ನು ಮಾರದೆ ಬಳ್ಳಿಯನ್ನು ಉಳಿಸಿಕೊಳ್ಳಲು ಒಂದು ಕಾರಣವೂ ದೊರೆಯುವುದು. ಜರಗನಹಳ್ಳಿಯ ರಾಗಿಯ ಹೊಲಗಳಿಗೆ ಅಂಥ ಕಾರಣವು ದೊರೆಯದೆ ಹೋಯಿತು. ನಂದಿಯ ತಪ್ಪಲಿನ ದ್ರಾಕ್ಷಿಗೆ ಇನ್ನೂ ಕಾಲ ಮಿಂಚಿಲ್ಲ.