ಮನೆತೆರಿಗೆಯೂ ದೂರುಗಾರನೂ

ನೆರೆಮನೆಯವನು ವಾಸದ ಮನೆಯೆಂದು ಬರೆಯಿಸಿ ಕೆಳಗಿನ ಅಂತಸ್ತನ್ನು ಅಂಗಡಿಗೆ ಬಾಡಿಗೆಗೆ ಕೊಟ್ಟಿರುವನು. ಅಥವಾ ಮೂರು ಅಂತಸ್ತುಗಳಿರುವಲ್ಲಿ ಎರಡಕ್ಕೇ ತೆರಿಗೆಯನ್ನು ತೆರುತ್ತಿರುವನು. ಇದನ್ನು ಬಲ್ಲ ಗೃಹಸ್ಥನು ಮಹಾನಗರಪಾಲಿಕೆಗೆ ತಿಳಿಸಬೇಕೆ, ಸುಮ್ಮನಿರಬೇಕೆ? ತಿಳಿಸಿದರೆ ಚಾಡಿಕೋರನೆಂಬ ಅಪವಾದವು ಬರುವುದು. ಸುಮ್ಮನಿದ್ದರೆ ಅವನು ಉಳಿಸಿಕೊಂಡ ಹಣದ ಭಾರವು ಪ್ರಾಮಾಣಿಕರ ತಲೆಯ ಮೇಲೆ ಬೀಳುವುದು. ಮಂಗಳೂರಿನ ಮನೆಮನೆಗಳಲ್ಲಿ ಇಂದು ಏಳುವ ಈ ಪ್ರಶ್ನೆಯು ಬಹು ಪುರಾತನವಾದುದು.

ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದರ ವಿಚಾರವಿರುವುದು. ಗೋಪನೆಂಬ ಅಧಿಕಾರಿಯು ಐದು ಅಥವಾ ಹತ್ತು ಗ್ರಾಮಗಳಲ್ಲಿ ತೆರಿಗೆ ತೆರುವ ಮನೆಗಳೆಷ್ಟು, ತೆರದವು ಎಷ್ಟು ಎಂಬುದನ್ನು ಬರೆದಿಡತಕ್ಕದ್ದು. ಆ ಬರಹವನ್ನೂ ಹಾಗೆಯೇ ನಂಬದೆ, ಸಮಾಹರ್ತೃವೆಂಬ ಮೇಲಧಿಕಾರಿಯು ಗೃಹಸ್ಥರ ವೇಷದ ಚಾರರಿಂದ ಮನೆಗಳ ತೆರಿಗೆಯನ್ನೂ ವಿನಾಯಿತಿಯನ್ನೂ ಮರಳಿ ಪರೀಕ್ಷಿಸಿಸತಕ್ಕದ್ದು. ಇನ್ನು ರಾಜಧನವನ್ನು ಅಪಹರಿಸಿದ ಅಧಿಕಾರಿಯ ವಿಷಯದಲ್ಲಿ ಸುಳಿವು ಕೊಟ್ಟ ಸೂಚಕನಿಗೆ, ಅಪರಾಧವು ರುಜುವಾತಾದರೆ, ಆರರಲ್ಲೊಂದು ಪಾಲು. ಅವನು ಭೃತ್ಯನಾದರೆ ಹನ್ನೆರಡರಲ್ಲೊಂದು. ದೊಡ್ಡದಾಗಿ ದೂರಿ ಸ್ವಲ್ಪವೇ ಸಿದ್ಧವಾದರೆ ಆ ಸ್ವಲ್ಪದಲ್ಲಿ ಮಾತ್ರ ಪಾಲು. ಏನೂ ಸಿದ್ಧವಾಗದಿದ್ದರೆ ದೂರಿದವನಿಗೇ ದೇಹದಂಡ ಇಲ್ಲವೆ ಧನದಂಡ. ಬಹುಮಾನವೂ ದಂಡವೂ ಒಂದೇ ತಕ್ಕಡಿಯ ಎರಡು ತಟ್ಟೆಗಳಾಗಿದ್ದುವು.

ಕಾತ್ಯಾಯನ ಸ್ಮೃತಿಯು ಇನ್ನೊಂದು ಭೇದವನ್ನು ತೋರಿಸುವುದು. ಧನವನ್ನೇ ಮುಖ್ಯವೆಂದೆಣಿಸಿ ಪರರ ತಪ್ಪನ್ನು ಮೊದಲು ಅರಿಕೆಮಾಡುವವನು ಸ್ತೋಭಕನು. ಅದನ್ನು ಕಂಡುಹಿಡಿಯಲು ಅರಸನಿಂದ ನಿಯುಕ್ತನಾದವನು ಸೂಚಕನು. ಹಗೆಯಿಂದ ಬೆನ್ನ ಹಿಂದೆ ಆಡಿಕೊಳ್ಳುವ ಪಿಶುನನಾದರೋ ಈ ಇಬ್ಬರಿಗೂ ಸೇರಿದವನಲ್ಲ.

ನಮ್ಮ ಜಿಲ್ಲೆಯ ಚರಿತ್ರೆಯಲ್ಲಿಯೂ ಒಂದು ಪಾಠವುಂಟು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಇಲ್ಲಿಗೆ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಎಂಬವನು, ಭೂಕಂದಾಯವನ್ನು ನಿಶ್ಚಯಿಸುವಾಗ ಶಾನುಭೋಗರಲ್ಲಿದ್ದ ಕಡತಗಳನ್ನು, ಎಂದರೆ ಕಪ್ಪು ಬಳಿದ ಬಟ್ಟೆಯ ಮಡಿಕೆ ಪುಸ್ತಕಗಳನ್ನು, ತರಿಸಿ ಹಿಂದಿನ ಶಿಸ್ತನ್ನು ಶೋಧಿಸಿದನು. ಬಾಯಿಮಾತಿಗಿಂತ ಬರಹವು ಹೆಚ್ಚಿನ ಸಾಕ್ಷಿಯಾಯಿತು. ಇಂದಿನ ಕಚೇರಿಯ ಕಾಗದದ ಕಟ್ಟಿಗೂ ಕಡತವೆಂದೇ ಹೆಸರು ಉಳಿದಿರುವುದು.

1865ರ ಮದರಾಸಿನ ಕಾಯಿದೆಯಂತೆ 1866ರಲ್ಲಿ ಮಂಗಳೂರಿಗೆ ಪುರಸಭೆಯು ಬಂದಿತು; 1980ರಲ್ಲಿ ಅದು ಮಹಾನಗರಪಾಲಿಕೆಯಾಯಿತು. ಹಿಂದೆ ಅಧಿಕಾರಿಗಳೇ ಮನೆಯ ಬೆಲೆಕಟ್ಟುತ್ತಿದ್ದರು. ಈಗ ಮಾಲಿಕನೇ ತನ್ನ ಕಟ್ಟಡದ ಅಳತೆಯನ್ನೂ ಉಪಯೋಗವನ್ನೂ ಘೋಷಿಸಿ ತೆರಿಗೆಯನ್ನು ಕಟ್ಟುವನು. ಪ್ರತಿಯೊಬ್ಬನೂ ತನ್ನ ಮನೆಗೆ ತಾನೇ ಗೋಪನಾಗಿರುವನು. ನಂಬಿಕೆಯು ಹೆಚ್ಚಿದಷ್ಟೂ ವಂಚನೆಗೆ ಅವಕಾಶವೂ ಹೆಚ್ಚುವುದು ಸಹಜವೇ ಸರಿ.

ಆದುದರಿಂದ ದೂರುವುದು ಅಧರ್ಮವಲ್ಲ. ದೂರುವ ಕ್ರಮದಲ್ಲಿ ಧರ್ಮವಿರುವುದು. ಮನೆಯ ನಂಬರು, ಬೀದಿ, ಕಣ್ಣಾರೆ ಕಂಡುದು, ಎಂದಿನಿಂದ ಎಂಬ ಸಂಗತಿ, ಇಷ್ಟನ್ನು ಬರೆದು ಹೆಸರು ಹಾಕಿ ಆಯುಕ್ತರಿಗೆ ಒಪ್ಪಿಸಬೇಕು. ಊಹೆಯನ್ನು ಊಹೆಯೆಂದೇ ಹೇಳಬೇಕು. ತಿಳಿಯದೆ ಆದ ತಪ್ಪೋ ವಂಚನೆಯೋ ಎಂಬ ನಿರ್ಣಯವನ್ನು ಅಳತೆಗೂ ಕಡತಕ್ಕೂ ಬಿಡಬೇಕು. ಆಸ್ತಿಯ ವ್ಯಾಜ್ಯವನ್ನೋ ಬೇಲಿಯ ಜಗಳವನ್ನೋ ತೀರಿಸಿಕೊಳ್ಳಲು ಬರೆದ ಹೆಸರಿಲ್ಲದ ಕಾಗದವು ಪಿಶುನನ ಕೆಲಸವೇ ಹೊರತು ಪೌರನದಲ್ಲ.

ಇಷ್ಟನ್ನು ಬರೆಯುವುದಕ್ಕೆ ಮುನ್ನ ನನ್ನ ಮನೆಯ ರಶೀದಿಯನ್ನೇ ತೆಗೆದು ನೋಡಿದೆನು. ಹಿತ್ತಿಲ ಕಡೆ ಈಚೆಗೆ ಕಟ್ಟಿಸಿದ ಕೋಣೆಯ ಅಳತೆಯು ಅದರಲ್ಲಿ ಸೇರಿರಲಿಲ್ಲ. ಅದನ್ನು ಸೇರಿಸಿ ಬಾಕಿಯನ್ನು ಕಟ್ಟಿ ಬಂದ ಮೇಲೆಯೇ ಈ ಲೇಖನಕ್ಕೆ ಕೈಹಾಕಿದೆನು. ವಾಚಕ ಮಹಾಶಯರೂ ನೆರೆಮನೆಯ ಅಂತಸ್ತುಗಳನ್ನು ಎಣಿಸುವ ಮೊದಲು ಅಷ್ಟನ್ನು ಮಾಡಬೇಕೆಂದು ನನ್ನ ವಿಜ್ಞಾಪನೆ.