ದಫ್ತರದ ಭಾಷೆ, ತೊರವಿಯ ಗೋಡೆ

ಅರಸು ಬದಲಾದ ಸಂಗತಿಯನ್ನು ಚರಿತ್ರೆಯ ಪುಸ್ತಕಗಳು ವಿಸ್ತಾರವಾಗಿ ಹೇಳುತ್ತವೆ. ಅರಸನ ಕಚೇರಿ ಬದಲಾದ ಸಂಗತಿಯನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತವೆ. ಆದರೆ ರೈತನ ಮನೆಬಾಗಿಲನ್ನು ತಟ್ಟುವುದು ಹೆಚ್ಚಾಗಿ ಈ ಎರಡನೆಯ ಬದಲಾವಣೆಯೇ. ಆದಿಲಶಾಹಿ ಬಿಜಾಪುರದಲ್ಲಿ ನಡೆದ ಅಂಥ ಎರಡು ಪ್ರಯತ್ನಗಳನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ. ಒಂದು ಲೆಕ್ಕದ ಪುಸ್ತಕಕ್ಕೆ ಸಂಬಂಧಿಸಿದ್ದು. ಇನ್ನೊಂದು ನಗರದ ಪಶ್ಚಿಮಕ್ಕಿರುವ ತೊರವಿಗೆ ಸಂಬಂಧಿಸಿದ್ದು. ಒಂದು ಬೇರೂರಿತು, ಇನ್ನೊಂದು ಬೇರೂರಲಿಲ್ಲ.

1490ರ ಸುಮಾರಿಗೆ ಯೂಸುಫ್ ಆದಿಲ್ ಖಾನನು ಬಹಮನಿ ರಾಜ್ಯದಿಂದ ಬೇರೆಯಾಗಿ ಸ್ವತಂತ್ರನಾದಾಗ ಆಸ್ಥಾನದಲ್ಲಿ ಪರದೇಶಗಳಿಂದ ಬಂದ ಅಮೀರರ ಪ್ರಾಬಲ್ಯವಿತ್ತು. ಅವರಿಗೆ ಆಫಾಕಿಗಳೆಂದು ಹೆಸರು. ಇಲ್ಲಿಯೇ ನೆಲೆನಿಂತ ಮುಸಲ್ಮಾನರು ದಖನಿಗಳು. ಸರಕಾರದ ಲೆಕ್ಕಪತ್ರ ಪಾರಸಿಯಲ್ಲಿ ನಡೆಯುತ್ತಿತ್ತು. ಆದರೆ ಕಂದಾಯ ಹುಟ್ಟುವುದು ಆಸ್ಥಾನದಲ್ಲಲ್ಲ, ಹೊಲದಲ್ಲಿ. ಹೊಲದ ಲೆಕ್ಕವನ್ನು ಬರೆಯುತ್ತಿದ್ದ ಕುಲಕರ್ಣಿಯೂ ಅದಕ್ಕೆ ಸಾಕ್ಷಿಯಾಗುತ್ತಿದ್ದ ಗೌಡನೂ ದೇಶಭಾಷೆಯವರು. ಹಳ್ಳಿಯ ಕಡತಕ್ಕೂ ರಾಜಧಾನಿಯ ಕಡತಕ್ಕೂ ನಡುವೆ ತರ್ಜುಮೆಯ ಒಂದು ಹೊಳೆ ಹರಿಯುತ್ತಿತ್ತು. ಅದನ್ನು ದಾಟಿಸುವವರು ಕೆಲವರೇ ಇದ್ದರು.

1534ರಲ್ಲಿ ಪಟ್ಟಕ್ಕೆ ಬಂದ ಒಂದನೆಯ ಇಬ್ರಾಹಿಂ ಆದಿಲಶಹಾ ಈ ವ್ಯವಸ್ಥೆಗೆ ಕೈಹಾಕಿದನು. 1589ರಲ್ಲಿ ಬಿಜಾಪುರಕ್ಕೆ ಬಂದು ಚರಿತ್ರೆ ಬರೆದ ಫಿರಿಶ್ತಾ ಇದನ್ನು ದಾಖಲಿಸಿದ್ದಾನೆ. ಲೆಕ್ಕಪತ್ರ ಪಾರಸಿಯ ಬದಲು ‘ಹಿಂದವಿ’ಯಲ್ಲಿರಲಿ ಎಂದು ಅಪ್ಪಣೆಯಾಯಿತು, ಅದರ ಆಡಳಿತ ಬ್ರಾಹ್ಮಣ ಕರಣಿಕರ ಕೈಗೆ ಬಂತು. ಹಿಂದವಿ ಎಂದರೆ ಇಲ್ಲಿಯ ದೇಶಭಾಷೆ ಎಂದು ತಿಳಿಯಬೇಕು. ಮರಾಠಿ ಸೀಮೆಯಲ್ಲಿ ಮರಾಠಿ, ಕನ್ನಡ ಸೀಮೆಯಲ್ಲಿ ಕನ್ನಡವೂ ಅದರಲ್ಲಿ ಸೇರಿತ್ತೆಂಬುದು ಹಲವು ವಿದ್ವಾಂಸರ ಮತ. ಅದೇ ಅರಸನು ಶಿಯಾ ಪದ್ಧತಿಯ ಖುತ್ಬಾವನ್ನು ನಿಲ್ಲಿಸಿದನು. ಆಫಾಕಿಗಳಲ್ಲಿ ಕೆಲವರನ್ನು ಮಾತ್ರ ಉಳಿಸಿಕೊಂಡು ಮಿಕ್ಕವರನ್ನು ಸೇವೆಯಿಂದ ತೆಗೆದನು. ಹಾಗೆ ಕೆಲಸ ಕಳೆದುಕೊಂಡವರಲ್ಲಿ ಬಹುಮಂದಿ ವಿಜಯನಗರದ ರಾಮರಾಯನ ಸೇವೆಗೆ ಸೇರಿದರೆಂದೂ ಫಿರಿಶ್ತಾ ಹೇಳುತ್ತಾನೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಒಂದೇ ಅರಸನ ಒಂದೇ ಧೋರಣೆಯ ಈ ಅಪ್ಪಣೆಗಳಿಗೆ ಒಂದೇ ಗತಿಯಾಗಲಿಲ್ಲ. 1558ರಲ್ಲಿ ಮಗ ಒಂದನೆಯ ಅಲಿ ಆದಿಲಶಹಾ ಪಟ್ಟವೇರಿದಾಗ ಶಿಯಾ ಖುತ್ಬಾ ಮರಳಿತು, ಆಫಾಕಿಗಳೂ ಮರಳಿದರು. ಅವನ ತರುವಾಯ, ಬಾಲಕನಾಗಿದ್ದ ಎರಡನೆಯ ಇಬ್ರಾಹಿಮನ ಹೆಸರಿನಲ್ಲಿ ದಿಲಾವರ ಖಾನನು ರಾಜ್ಯಭಾರ ಮಾಡುವಾಗ ಮತ್ತೆ ಎಲ್ಲ ತಿರುವುಮುರುವಾಯಿತು. ಆದರೆ ಊರೂರ ಲೆಕ್ಕದಲ್ಲಿ ದೇಶಭಾಷೆ ಅಳಿಯಲಿಲ್ಲ. ಪಾರಸಿಯೂ ಅಳಿಯಲಿಲ್ಲ, ಒಂದೇ ಕಾಗದದ ಮೇಲೆ ಪಾರಸಿಯ ಒಕ್ಕಣೆಯೂ ಮೋಡಿ ಲಿಪಿಯ ಮರಾಠಿ ಒಕ್ಕಣೆಯೂ ಕೂಡಿರುವ ಆದಿಲಶಾಹಿ ಪತ್ರಗಳು ಇಂದಿಗೂ ದೊರೆಯುತ್ತವೆ.

ಎರಡನೆಯ ಪ್ರಯತ್ನಕ್ಕಾಗಿ ನಾವು ತೊರವಿಗೆ ಹೋಗಬೇಕು. ಸಾಹಿತ್ಯಪ್ರಿಯರಿಗೆ ಇದು ಹೊಸ ಊರಲ್ಲ. ಕುಮಾರ ವಾಲ್ಮೀಕಿಯ ರಾಮಾಯಣಕ್ಕೆ ಹೆಸರು ಕೊಟ್ಟ ನರಸಿಂಹ ಕ್ಷೇತ್ರ ಇದೇ. ರಾಜಧಾನಿಗೆ ಕಾಲುವೆಯಲ್ಲಿ ನೀರು ಹರಿದುಬಂದದ್ದೂ ಇಲ್ಲಿಂದಲೇ. 1599ರಲ್ಲಿ ಎರಡನೆಯ ಇಬ್ರಾಹಿಂ ಈ ನೆಲದಲ್ಲಿ ನವರಸಪುರವೆಂಬ ಹೊಸ ನಗರವನ್ನು ಕಟ್ಟತೊಡಗಿದನು. ‘ಕಿತಾಬ್-ಎ-ನವರಸ್’ ಎಂಬ ಗೀತಸಂಗ್ರಹದಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಹಾಡಿದ ರಸಿಕ ಅರಸು ಅವನು. ಅಮೀರರು ಇಲ್ಲಿಯೇ ಮನೆ ಕಟ್ಟಿಕೊಳ್ಳಬೇಕೆಂದು ಅಪ್ಪಣೆಯಾಯಿತು; ಸಂಗೀತ ಮಹಲು ಎದ್ದಿತು. ಆದರೆ ಸುತ್ತಲಿನ ಕೋಟೆಗೋಡೆ ಪೂರ್ಣವಾಗಲೇ ಇಲ್ಲ. ರಾಜಧಾನಿಯನ್ನು ಕದಲಿಸಿದರೆ ಕೇಡೆಂದು ಜ್ಯೋತಿಷಿಗಳು ನುಡಿದರೆಂಬ ಐತಿಹ್ಯವೂ ಇದೆ. 1624ರಲ್ಲಿ ಅಹಮದನಗರದ ಮಲಿಕ್ ಅಂಬರನ ಸೈನ್ಯ ಅದನ್ನು ಸೂರೆಮಾಡಿತು. ಕಡೆಗೆ ಇಬ್ರಾಹಿಂ ಮಲಗಿದ್ದು ಕೂಡ ನವರಸಪುರದಲ್ಲಲ್ಲ. ಬಿಜಾಪುರದ ಕೋಟೆಗೋಡೆಗೆ ಹೊಂದಿದಂತಿರುವ ಇಬ್ರಾಹಿಂ ರೋಜಾದಲ್ಲಿ.

ಜ್ಯೋತಿಷಿಗಳ ಮಾತಿನ ಐತಿಹ್ಯ ನಿಜವಿರಲಿ, ಸುಳ್ಳಿರಲಿ, ಅದರೊಳಗೆ ಜನರ ಮನಸ್ಸು ಅಡಗಿದೆಯೆಂದು ನನಗೆ ತೋರುತ್ತದೆ. ಅರಸನಿಗೆ ಎದುರಾಡಲಾಗದ ಕಾಲದಲ್ಲಿ ಬೇಡವೆನ್ನುವುದಕ್ಕೆ ಗ್ರಹಗಳ ಬಾಯನ್ನೇ ಎರವಲು ಪಡೆಯಬೇಕಾಗುತ್ತದೆ. ವರ್ತಕನಿಗೆ ಪೇಟೆಯಿದ್ದದ್ದು ಬಿಜಾಪುರದಲ್ಲಿ. ಅಮೀರನಿಗೆ ಹಿರಿಯರ ಗೋರಿಯಿದ್ದದ್ದು ಅಲ್ಲಿ. ಅಲಿ ಆದಿಲಶಹಾ ಕಟ್ಟಿಸಿದ ಭದ್ರವಾದ ಕೋಟೆಯೂ ಅಲ್ಲಿಯೇ. ಹೊಸ ನಗರ ಅವರ ಯಾವ ಕಷ್ಟವನ್ನೂ ನೀಗಿಸುವಂತಿರಲಿಲ್ಲ. ಅದು ಅರಸನೊಬ್ಬನ ಕನಸಾಗಿತ್ತು. ದಫ್ತರದ ಭಾಷೆಯ ಮಾತು ಬೇರೆ. ಹಳ್ಳಿಯ ಲೆಕ್ಕ ಮೊದಲೇ ದೇಶಭಾಷೆಯಲ್ಲಿತ್ತು. ಕೆಳಗೆ ನಡೆಯುತ್ತಿದ್ದುದನ್ನು ಅಪ್ಪಣೆ ಮೇಲಕ್ಕೆ ಬರಮಾಡಿಕೊಂಡಿತು. ಅದನ್ನು ನಡೆಸಬಲ್ಲವರು ಸಾವಿರಾರು ಜನ ಸಿದ್ಧರಿದ್ದರು. ಹಾಗೆಯೇ ಪಾರಸಿ ಬಲ್ಲವನಿಗೆ ಕಾಗದದ ಮೇಲೊಂದು ಸ್ಥಳ ಉಳಿದದ್ದರಿಂದ ಅವನ ವಿರೋಧವೂ ಮೊಂಡಾಗಿರಬೇಕು. ಮತದ ಮತ್ತು ಪಕ್ಷದ ಬದಲಾವಣೆಗಳಲ್ಲಿ ಮಾತ್ರ ಅಂಥ ಅವಕಾಶವಿರಲಿಲ್ಲ. ಹೊರಗೆ ಹಾಕಲ್ಪಟ್ಟವನು ಹೊರಗೆ ಕಾದು ಕುಳಿತನು, ಕಾಲ ಬಂದಾಗ ಮರಳಿದನು.

ಆದರೆ ಗೆದ್ದ ಬದಲಾವಣೆಯನ್ನು ನಾನು ಬರಿದೆ ಕೊಂಡಾಡಲಾರೆ. ಕಚೇರಿಯ ಭಾಷೆ ಹತ್ತಿರವಾಯಿತು, ನಿಜ. ಅಕ್ಷರವಿಲ್ಲದ ರೈತನಿಗೆ ತನ್ನ ಹೊಲದ ಲೆಕ್ಕ ಹತ್ತಿರವಾಗಲಿಲ್ಲ. ಕುಲಕರ್ಣಿಯ ಕಡತ ಅವನಿಗೆ ಪಾರಸಿಯಷ್ಟೇ ದೂರ. ಅಂದು ಬದಲಾವಣೆಯಿಂದ ಬಲಗೊಂಡ ಕರಣಿಕ ವೃತ್ತಿ ಮನೆತನದ ಹಕ್ಕಾಗಿ ಗಟ್ಟಿಯಾಯಿತು. ಅದನ್ನು ಬಿಡಿಸಲು 1950ರ ಮುಂಬಯಿ ವತನು ರದ್ದತಿ ಕಾಯಿದೆಯೇ ಬರಬೇಕಾಯಿತು. ನಿನ್ನೆಯ ಬದಲಾವಣೆಯ ಫಲವನ್ನು ಉಂಡವರೇ ನಾಳಿನ ಬದಲಾವಣೆಗೆ ಅಡ್ಡ ನಿಲ್ಲುವುದುಂಟು.

ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆ ಬಂದು ಕೈಬರಹದ ಪಹಣಿಗಳು ಕಂಪ್ಯೂಟರಿಗೆ ಏರಿದವು. ಕಡತ ಮತ್ತೊಮ್ಮೆ ಕೈ ಬದಲಾಯಿಸಿತು. ನಮ್ಮ ಕಡೆಯ ರೈತ ಈಗ ಅಚ್ಚಾದ ಕನ್ನಡ ಉತಾರವನ್ನು ಹಿಡಿದು ಕಚೇರಿಯಿಂದ ಹೊರಬರುತ್ತಾನೆ. ಅದನ್ನು ಅವನು ತಾನೇ ಓದಿಕೊಳ್ಳುತ್ತಾನೋ, ಇಲ್ಲ ಮೆಟ್ಟಿಲ ಬಳಿ ಮತ್ತೊಬ್ಬನಿಂದ ಓದಿಸಿಕೊಳ್ಳುತ್ತಾನೋ ಎಂಬುದನ್ನು ನೋಡಿದರೆ ಸಾಕು, ಇಬ್ರಾಹಿಮನ ಅಪ್ಪಣೆ ಎಷ್ಟು ದೂರ ಬಂದಿದೆಯೆಂದು ತಿಳಿಯುತ್ತದೆ.